ಹಳೆಯ ಕಾರಿನ ಕಾರ್ಬ್ಯುರೇಟರಿಗೆ ಯಾವ ನೀಡಲ್ ವಾಲ್ವ್? ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ಸಣ್ಣ ವಾಲ್ವ್ ಮಾಡುವ ಕೆಲಸವಾದರೂ ಏನು?

ಕಾರ್ಬ್ಯುರೇಟರ್ ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಮನೆಯ ಮೇಲಿನ ನೀರಿನ ಟ್ಯಾಂಕ್ ನೋಡಿದ್ದೀರಲ್ಲ, ಅದರೊಳಗೆ ತೇಲುವ ಚೆಂಡು ಮಾಡುವ ಕೆಲಸವೇ ಇಲ್ಲಿಯೂ. ಕಾರ್ಬ್ಯುರೇಟರಿನ ಪುಟ್ಟ ಪೆಟ್ರೋಲ್ ಬಟ್ಟಲಿನಲ್ಲಿ, ಅಂದರೆ ಫ್ಲೋಟ್ ಬೌಲಿನಲ್ಲಿ, ಪೆಟ್ರೋಲ್ ಏರಿದಂತೆ ತೇಲುವ ಫ್ಲೋಟ್ ಏರುತ್ತದೆ, ಅದರ ತೋಳು ಮೊನೆಯಿರುವ ನೀಡಲನ್ನು ಸೀಟಿಗೆ (ಪೆಟ್ರೋಲ್ ಬರುವ ರಂಧ್ರದ ಬಾಯಿಗೆ) ಒತ್ತುತ್ತದೆ, ಪೆಟ್ರೋಲ್ ಬರುವುದು ನಿಲ್ಲುತ್ತದೆ. ಎಂಜಿನ್ ಕುಡಿದಷ್ಟೂ ಫ್ಲೋಟ್ ಇಳಿಯುತ್ತದೆ, ನೀಡಲ್ ಸಡಿಲವಾಗುತ್ತದೆ, ಮತ್ತೆ ಪೆಟ್ರೋಲ್ ಬರುತ್ತದೆ. ಗಾಡಿ ಒಂದೇ ವೇಗದಲ್ಲಿ ಓಡುವಾಗ ನೀಡಲ್ ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ಎಲ್ಲೋ ನಡುವೆ ನಡುಗುತ್ತಾ ನಿಂತಿರುತ್ತದೆ.

ಟ್ಯಾಂಕಿನ ಚೆಂಡು ಕೆಟ್ಟರೆ ನೀರು ಚೆಲ್ಲುತ್ತದೆ, ಅಷ್ಟೇ. ಇಲ್ಲಿ ಚೆಲ್ಲುವುದು ಪೆಟ್ರೋಲ್, ಅದೂ ಬಿಸಿ ಎಕ್ಸಾಸ್ಟ್ ಮೇಲೆ. ಒಳಗೇ ಇಳಿದರೂ ಕೇಡು ತಪ್ಪಿದ್ದಲ್ಲ. ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ, ಪೆಟ್ರೋಲ್ ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಗಾಡಿ ಸ್ಟಾರ್ಟ್ ಮಾಡಬೇಡಿ. ಮೊದಲು ಆಯಿಲ್ ಬದಲಿಸಿ, ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ.

ಓವರ್‌ಫ್ಲೋ ಆಗುತ್ತಿದೆ. ನೀಡಲ್ ಬದಲಿಸಿದರೆ ಸರಿಹೋಗುತ್ತಾ?

ಹೋಗಬಹುದು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಈ ಕೆಲಸದಲ್ಲಿ ಬಹಳ ನಡೆಯುತ್ತದೆ. ನಾನೇ ಹಾಕಿದ್ದೇನೆ. ಒಂದೇ ಕಾರ್ಬ್ಯುರೇಟರಿಗೆ ಒಂದಾದ ಮೇಲೊಂದರಂತೆ ಮೂರು ನೀಡಲ್ ಸೆಟ್ ಹಾಕಿದೆ. ಪ್ರತಿ ಸಲವೂ ಹತ್ತು ನಿಮಿಷ ಚೆನ್ನಾಗಿರುತ್ತಿತ್ತು, ಆಮೇಲೆ ಬೌಲ್ ಮುಚ್ಚಳದ ಸಂದಿಯಿಂದ ಒದ್ದೆ. ನಾಲ್ಕನೆಯ ಸಲ ಬಿಚ್ಚಿದಾಗ ಯಾಕೋ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಗುಳುಕ್ ಎಂದಿತು. ಹಿತ್ತಾಳೆ ಫ್ಲೋಟಿನ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು. ಮೂರು ಹೊಸ ನೀಡಲ್‌ಗಳಲ್ಲಿ ಒಂದರದೂ ತಪ್ಪಿರಲಿಲ್ಲ.

ಹಾಗಾಗಿ ನೀಡಲ್ ತರಿಸುವ ಮೊದಲು ಫ್ಲೋಟ್, ಕಸ, ಒತ್ತಡ ಮೂರನ್ನೂ ಈ ಕ್ರಮದಲ್ಲೇ ನೋಡಿ. ಹಿತ್ತಾಳೆ ಫ್ಲೋಟನ್ನು ಕೈ ತಾಳುವುದಕ್ಕಿಂತ ಬಿಸಿಯಾದ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತೂತಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳ ಸಾಲು ಹೊರಡುತ್ತದೆ. ನೀರನ್ನು ಒಲೆಯ ಮೇಲೆ ಕಾಯಿಸಿ, ಪಾತ್ರೆಯನ್ನು ಬೇರೆಡೆಗೆ ಒಯ್ದು ಪರೀಕ್ಷಿಸಿ. ಪೆಟ್ರೋಲ್ ತುಂಬಿದ ಫ್ಲೋಟನ್ನು ಬೆಂಕಿಯ ಬಳಿ ತರುವ ಮಾತೇ ಬೇಡ. ಫೋಮ್ ಫ್ಲೋಟ್ ಆದರೆ ತೂಗಿ ನೋಡಬೇಕು, ವರ್ಷಗಟ್ಟಲೆ ಪೆಟ್ರೋಲ್ ಹೀರಿ ಭಾರವಾಗಿರುತ್ತದೆ. ಕಾರ್ಕ್ ಫ್ಲೋಟಿನ ವಿಷಯ ಎಥನಾಲ್ ಪ್ರಶ್ನೆಯಲ್ಲಿದೆ.

ನೀಡಲ್ ಸವೆದಿದೆ ಎಂದು ಕಣ್ಣಿಗೆ ಕಾಣುತ್ತಾ?

ಕಾಣುತ್ತದೆ. ಭೂತಗನ್ನಡಿ ಇಟ್ಟುಕೊಂಡು ಉಕ್ಕಿನ ನೀಡಲಿನ ಮೊನೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಹೊಸದರಲ್ಲಿ ಇಳಿಜಾರು ಒಂದೇ ಸಮ ಹೊಳೆಯುತ್ತದೆ. ಸವೆದದ್ದರಲ್ಲಿ ಸುತ್ತಲೂ ಉಂಗುರದಂತಹ ಗೆರೆ ಇರುತ್ತದೆ. ಆ ಉಂಗುರ ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಇದ್ದರೆ ನೀಡಲ್ ಓರೆಯಾಗಿ ಕೂರುತ್ತಿದೆ ಎಂದರ್ಥ. ಆಗ ಫ್ಲೋಟಿನ ತೋಳು ತಿರುಗುವ ಪಿನ್ನು, ಅದರ ತೂತುಗಳು ಸವೆದಿವೆಯೇ ಎಂದೂ ನೋಡಬೇಕು. ಉಗುರನ್ನು ಮೊನೆಯ ಮೇಲೆ ಎಳೆದಾಗ ಗೆರೆಗೆ ತಡೆದರೆ ನೀಡಲಿನ ಕಾಲ ಮುಗಿಯಿತು.

ಮೆತ್ತನೆಯ ತುದಿಯ ನೀಡಲಿನಲ್ಲಿ ತೆಳ್ಳಗಿನ ಉಂಗುರದ ಅಚ್ಚು ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಅಚ್ಚು ಆಳವಾಗಿದ್ದರೆ, ತುದಿ ಊದಿದ್ದರೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ.

ಮಾರುಕಟ್ಟೆಯಲ್ಲಿ ಎಷ್ಟು ಬಗೆ ಸಿಗುತ್ತವೆ?

ಮೊದಲನೆಯದು ಅಪ್ಪಟ ಲೋಹದ್ದು: ಉಕ್ಕಿನ ನೀಡಲ್, ಹಿತ್ತಾಳೆ ಸೀಟ್. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಬಹುತೇಕ ಇದೇ. ಪೆಟ್ರೋಲಿನಲ್ಲಿ ಏನೇ ಬೆರೆಸಿರಲಿ ಇದಕ್ಕೆ ಚಿಂತೆಯಿಲ್ಲ, ಊದಿಕೊಳ್ಳುವ ಭಾಗವೇ ಇಲ್ಲ. ಕಷ್ಟವೇನೆಂದರೆ ಲೋಹ ಲೋಹಕ್ಕೆ ಕೂತು ಸೋರದಂತೆ ಮುಚ್ಚಬೇಕಾದರೆ ಎರಡೂ ಮೈ ನಯವಾಗಿರಬೇಕು, ಚೊಕ್ಕಟವಾಗಿರಬೇಕು. ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ತೊಟ್ಟಿಕ್ಕುತ್ತದೆ.

ಎರಡನೆಯದು ವೈಟಾನ್ ತುದಿಯದು. ವೈಟಾನ್ ಎಂಬುದು ಪೆಟ್ರೋಲ್ ತಾಳಿಕೊಳ್ಳುವ ಫ್ಲೋರಿನ್ ರಬ್ಬರ್. ಡ್ಯೂಪಾಂಟ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1957ರಲ್ಲಿ. ಅಂದರೆ 1930ರ ದಶಕದ ಕಾರಿನೊಳಗೆ ವೈಟಾನ್ ನೀಡಲ್ ಕಂಡರೆ ಅದು ಆಮೇಲೆ ಯಾರೋ ಹಾಕಿದ್ದು, ‘ಕಂಪನಿಯಿಂದ ಬಂದಂತೆಯೇ ಇದೆ’ ಎನ್ನುವ ಮಾರಾಟಗಾರನ ಮಾತಿಗೆ ಅಷ್ಟು ಕಿವಿಗೊಡಬೇಡಿ. ಕೆಲವದರಲ್ಲಿ ಇದೇ ಏರ್ಪಾಡು ಅದಲುಬದಲು: ಸೀಟಿನೊಳಗೆ ಮೆತ್ತನೆಯ ಉಂಗುರ, ನೀಡಲ್ ಲೋಹದ್ದು.

ಮೂರನೆಯದು ಸ್ಪ್ರಿಂಗ್ ಇರುವ ನೀಡಲ್. ಬಾಲದ ಕಡೆ ಪುಟ್ಟ ಪಿನ್ನು, ಅದರ ಹಿಂದೆ ಸ್ಪ್ರಿಂಗು. ಒತ್ತಿದರೆ ಒಳಗೆ ಹೋಗಿ ವಾಪಸ್ ಬರುತ್ತದೆ. ರಸ್ತೆಯ ಕುಲುಕಾಟಕ್ಕೆ ಫ್ಲೋಟ್ ಕುಣಿದರೂ ಆ ಪೆಟ್ಟು ನೇರವಾಗಿ ಮೊನೆಗೆ ಬೀಳುವುದಿಲ್ಲ, ಸ್ಪ್ರಿಂಗ್ ನುಂಗಿಕೊಳ್ಳುತ್ತದೆ. ಎಂಜಿನ್ ಅದುರು ಜಾಸ್ತಿ ಇರುವ ಕಡೆ ನನಗೆ ಇಷ್ಟವಾದದ್ದು ಇದೇ.

ನಾಲ್ಕನೆಯದು ಗುಂಡಿನದು. ಗ್ರೋಸ್ ಜೆಟ್ ಎಂಬ ಹೆಸರಿನಲ್ಲಿ ಪ್ರಸಿದ್ಧಿ ಪಡೆದ ಬಗೆಯಲ್ಲಿ ನೀಡಲ್ಲೇ ಇಲ್ಲ, ಒಳಗೆ ಉಕ್ಕಿನ ಎರಡು ಗುಂಡುಗಳು. ಬಹಳ ಜನ ಹೊಗಳುತ್ತಾರೆ, ಅಷ್ಟೇ ಜನ ಬೈಯುತ್ತಾರೆ. ಗುಂಡು ತಿರುಗುತ್ತಿರುವುದರಿಂದ ಒಂದೇ ಜಾಗದಲ್ಲಿ ಸವೆಯುವುದಿಲ್ಲ ಎಂಬುದು ಹೊಗಳುವವರ ವಾದ. ಗಾಡಿ ತಿಂಗಳುಗಟ್ಟಲೆ ನಿಂತು ಪೆಟ್ರೋಲ್ ಒಣಗಿ ಅಂಟಾದರೆ ಗುಂಡು ಕಚ್ಚಿಕೊಳ್ಳುತ್ತದೆ ಎಂಬುದು ಬೈಯುವವರ ಅನುಭವ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಗಾಡಿಗೆ ನಾನು ಹಾಕುವುದಿಲ್ಲ.

ಇವಲ್ಲದೆ ಚಪ್ಪಟೆ ಬಿಲ್ಲೆ ಸೀಟಿನ ಮೇಲೆ ಕೂತು ಮುಚ್ಚುವ ಬಗೆಯೂ ಇದೆ. ಸ್ವಲ್ಪ ಎದ್ದರೂ ಸುತ್ತಲೂ ಅಗಲವಾಗಿ ದಾರಿ ಬಿಡುತ್ತದೆ, ಕಡಿಮೆ ಒತ್ತಡದ ಕಡೆ ಅನುಕೂಲ.

ಹಾಗಾದರೆ ವೈಟಾನ್ ಹಾಕಿಬಿಟ್ಟರೆ ಎಲ್ಲಕ್ಕೂ ಆಯಿತಲ್ಲ?

ಬಹುಪಾಲು ಗಾಡಿಗಳಿಗೆ ಆಯಿತು ಎಂದೇ ಹೇಳುತ್ತೇನೆ. ಮೆತ್ತನೆಯ ತುದಿ ಸಣ್ಣ ಕಸವನ್ನು ತನ್ನೊಳಗೆ ಒತ್ತಿಕೊಂಡು ಮುಚ್ಚುತ್ತದೆ, ಫ್ಲೋಟಿನ ಒತ್ತು ಕಡಿಮೆಯಿದ್ದರೂ ಕೂರುತ್ತದೆ.

ಆದರೆ ಎರಡು ಕಡೆ ಕೈಕೊಡುತ್ತದೆ. ಒಂದು, ಗಾಡಿ ಬಹಳ ದಿನ ನಿಂತು ಬೌಲ್ ಒಣಗಿದಾಗ ಪೆಟ್ರೋಲಿನ ಅಂಟು ತುದಿಯನ್ನು ಸೀಟಿಗೆ ಕಚ್ಚಿಸಿಬಿಡುತ್ತದೆ. ಆಗ ಫ್ಲಡ್ ಆಗುವುದಿಲ್ಲ, ಉಲ್ಟಾ, ಪೆಟ್ರೋಲೇ ಬರುವುದಿಲ್ಲ. ಎರಡು, ‘ವೈಟಾನ್’ ಎಂದು ಹೇಳಿ ಕೊಟ್ಟ ಕಪ್ಪು ತುದಿಯೆಲ್ಲ ವೈಟಾನ್ ಅಲ್ಲ. ಮಾಮೂಲಿ ನೈಟ್ರೈಲ್ ರಬ್ಬರೂ ಕಪ್ಪೇ. ಅನುಮಾನವಿದ್ದರೆ ಒಂದು ನೀಡಲನ್ನು ನೀವು ದಿನಾ ಹಾಕಿಸುವ ಪೆಟ್ರೋಲಿನಲ್ಲೇ, ಮುಚ್ಚಳವಿರುವ ಗಾಜಿನ ಶೀಶೆಯಲ್ಲಿ ವಾರ ನೆನೆಹಾಕಿ. ಹಾಕುವ ಮೊದಲು ಮತ್ತು ತೆಗೆದ ತಕ್ಷಣ ವರ್ನಿಯರ್‌ನಲ್ಲಿ ತುದಿಯ ಅಳತೆ ತೆಗೆದು ಬರೆದಿಡಿ. ಕೊಂಚ ವ್ಯತ್ಯಾಸ ಸಹಜ. ತುದಿ ಕಣ್ಣಿಗೇ ಕಾಣುವಷ್ಟು ಊದಿದ್ದರೆ, ಉಗುರಿಗೆ ಸಿಪ್ಪೆಯಂತೆ ಕಿತ್ತು ಬಂದರೆ ಕಸದ ಬುಟ್ಟಿಗೆ ಹಾಕಿ.

ಸೀಟಿನ ರಂಧ್ರ ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ? ಪೆಟ್ರೋಲ್ ಧಾರಾಳವಾಗಿ ಬರುತ್ತದೆ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ನೀಡಲನ್ನು ಕೆಳಗಿನಿಂದ ಒತ್ತುವುದು ಫ್ಲೋಟ್, ಮೇಲಿನಿಂದ ತಳ್ಳುವುದು ಪೆಟ್ರೋಲಿನ ಒತ್ತಡ. ಆ ತಳ್ಳುವ ಬಲ ಎಷ್ಟೆಂಬುದು ಒತ್ತಡ ಮತ್ತು ರಂಧ್ರದ ವಿಸ್ತೀರ್ಣದ ಗುಣಲಬ್ಧ. 2 ಮಿ.ಮೀ. ರಂಧ್ರ, 3 ಪಿಎಸ್‌ಐ (ಚದರ ಇಂಚಿಗೆ 3 ಪೌಂಡ್) ಒತ್ತಡ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 6.6 ಗ್ರಾಂ ಭಾರದಷ್ಟು ಬಲ. ಅದೇ ಒತ್ತಡಕ್ಕೆ ರಂಧ್ರವನ್ನು 2.5 ಮಿ.ಮೀ. ಮಾಡಿದರೆ 10.3 ಗ್ರಾಂ. ವ್ಯಾಸ ಹೆಚ್ಚಿದ್ದು ಕಾಲು ಭಾಗ, ಬಲ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. 2.5 ಮಿ.ಮೀ. ಸೀಟಿಗೆ 7 ಪಿಎಸ್‌ಐ ಕೊಡುವ ಪಂಪ್ ಸೇರಿಸಿದರೆ 24 ಗ್ರಾಂ.

ಫ್ಲೋಟ್ ಇದನ್ನು ತಡೆಯುವುದು ಸನ್ನೆಕೋಲಿನ ಲೆಕ್ಕದಲ್ಲಿ. ಪಿನ್ನಿನಿಂದ ನೀಡಲ್ 10 ಮಿ.ಮೀ. ದೂರ, ಫ್ಲೋಟಿನ ನಡುಭಾಗ 40 ಮಿ.ಮೀ. ದೂರ ಇದ್ದರೆ ಬಲ ನಾಲ್ಕು ಪಟ್ಟಾಗುತ್ತದೆ. 6.6 ಗ್ರಾಂ ತಡೆಯಲು ಫ್ಲೋಟ್ ಒದಗಿಸಬೇಕಾದದ್ದು 1.65 ಗ್ರಾಂ ಮಾತ್ರ, 10.3ಕ್ಕೆ 2.6 ಗ್ರಾಂ, 24ಕ್ಕೆ 6 ಗ್ರಾಂ. ಈ ಬಲ ಬರಬೇಕಾದರೆ ಫ್ಲೋಟ್ ಅಷ್ಟು ಹೆಚ್ಚು ಮುಳುಗಬೇಕು. ಹೆಚ್ಚು ಮುಳುಗಬೇಕು ಅಂದರೆ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರಲೇಬೇಕು. ಫ್ಲೋಟಿನ ಅಡ್ಡಕೊಯ್ತ 12 ಚದರ ಸೆಂ.ಮೀ. ಇದ್ದರೆ 2 ಮಿ.ಮೀ. ಸೀಟಿನ ಬದಲು 2.5 ಹಾಕಿದ್ದಕ್ಕೇ ಮಟ್ಟ 1 ಮಿ.ಮೀ. ಮೇಲೆ. ಜೊತೆಗೆ 7 ಪಿಎಸ್‌ಐ ಪಂಪೂ ಸೇರಿದರೆ ಸುಮಾರು 5 ಮಿ.ಮೀ. ಮೇಲೆ. ಅಷ್ಟು ಏರಿದರೆ ಬಹಳಷ್ಟು ಕಾರ್ಬ್ಯುರೇಟರುಗಳಲ್ಲಿ ನಳಿಕೆಯ ಬಾಯಿಂದ ಪೆಟ್ರೋಲ್ ತಾನಾಗಿ ತೊಟ್ಟಿಕ್ಕತೊಡಗುತ್ತದೆ. ನೀಡಲ್ ಹೊಸದು, ಸೀಟ್ ಹೊಸದು, ಫ್ಲೋಟ್ ಸರಿಯಿದೆ, ಆದರೂ ಓವರ್‌ಫ್ಲೋ!

ಈಗ ಇನ್ನೊಂದು ಪಕ್ಕ. ಎಂಜಿನ್ನಿಗೆ ನಿಜಕ್ಕೂ ಎಷ್ಟು ಬೇಕು? ಸುಮಾರು 40 ಅಶ್ವಶಕ್ತಿಯ ಹಳೆಯ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 12 ಲೀಟರ್ ಆಸುಪಾಸು ಕುಡಿಯುತ್ತದೆ. 3 ಪಿಎಸ್‌ಐ ಒತ್ತಡವಿದ್ದರೆ 1.5 ಮಿ.ಮೀ. ರಂಧ್ರದಿಂದಲೇ ಗಂಟೆಗೆ 28 ಲೀಟರ್‌ನಷ್ಟು ಹರಿಯಬಲ್ಲದು. ನೀಡಲ್ ಪೂರ್ತಿ ಎದ್ದಿರುವುದಿಲ್ಲ, ಅದರ ಸುತ್ತಲಿನ ಸಂದಿ ಕಿರಿದು ಎಂದು ಅರ್ಧಕ್ಕೆ ಇಳಿಸಿದರೂ ಸಾಕಾಗುತ್ತದೆ. ಪಂಪ್ ಇರುವ ಗಾಡಿಗೆ ದೊಡ್ಡ ಸೀಟ್ ಹಾಕುವುದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದಂತೆ.

ಕಂಪನಿ ಹಾಕಿದ್ದ ಅಳತೆಯೇ ನಿಮ್ಮ ಅಳತೆ. ಎಂಜಿನ್ ಬದಲಾಗಿದ್ದರೆ, ಪಂಪ್ ಬದಲಾಗಿದ್ದರೆ ಮಾತ್ರ ಬೇರೆ ಯೋಚನೆ.

ಅಳತೆ ಎಲ್ಲಿ ಬರೆದಿರುತ್ತೆ?

ವೆಬರ್, ಸೋಲೆಕ್ಸ್ ಮುಂತಾದ ಕಂಪನಿಗಳ ಕಾರ್ಬ್ಯುರೇಟರುಗಳಲ್ಲಿ ಸೀಟಿನ ಷಟ್ಕೋನದ ಮೈಮೇಲೆ ಕೊರೆದಿರುತ್ತಾರೆ. ವೆಬರ್‌ನಲ್ಲಿ 175 ಎಂದಿದ್ದರೆ 1.75 ಮಿ.ಮೀ., 200 ಎಂದಿದ್ದರೆ 2 ಮಿ.ಮೀ. ಅಮೆರಿಕದ ಹಾಲಿ ಕಂಪನಿಯಂಥವರದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ: 110 ಅಂದರೆ 0.110 ಇಂಚು, ಸುಮಾರು 2.8 ಮಿ.ಮೀ. ಎರಡನ್ನೂ ಬೆರೆಸಿಕೊಂಡು ‘175ಕ್ಕಿಂತ 110 ಸಣ್ಣದು’ ಎಂದು ತಿಳಿದವರನ್ನು ನೋಡಿದ್ದೇನೆ.

ಅಳಿಸಿಹೋಗಿದ್ದರೆ ಡ್ರಿಲ್ ಬಿಟ್‌ಗಳ ಹಿಂಬದಿ ತೂರಿಸಿ ನೋಡಿ. ನಯವಾದ ಬಾಲದ ತುದಿ ಮಾತ್ರ, ಕೊರೆಯುವ ತುದಿಯಲ್ಲ. ಸಲೀಸಾಗಿ ಹೋಗುವ ದೊಡ್ಡದು ಯಾವುದೋ ಅದೇ ನಿಮ್ಮ ರಂಧ್ರ.

ನನ್ನದು ಪಂಪ್ ಇಲ್ಲದ ಗಾಡಿ, ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಯಾವುದು ಹಾಕಲಿ?

ಇಲ್ಲಿ ಮೇಲಿನ ಲೆಕ್ಕ ತಲೆಕೆಳಗು. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕ್ ಸೀಟಿನ ಕೆಳಗೆ, 1928ರಿಂದ 1931ರವರೆಗೆ ಬಂದ ಮಾಡೆಲ್ ಎ ಕಾರಿನಲ್ಲಿ ಗಾಜಿನ ಮುಂದೆ, ಡ್ಯಾಶ್‌ಬೋರ್ಡಿನ ಹಿಂದೆ. ಎರಡರಲ್ಲೂ ಪೆಟ್ರೋಲನ್ನು ತಳ್ಳುವುದು ಅದರ ಸ್ವಂತ ಎತ್ತರ ಮಾತ್ರ. ಕಾರ್ಬ್ಯುರೇಟರಿಗಿಂತ 47 ಸೆಂ.ಮೀ. ಮೇಲಿದ್ದರೆ ಸಿಗುವ ಒತ್ತಡ ಅರ್ಧ ಪಿಎಸ್‌ಐ. ಟ್ಯಾಂಕ್ ಖಾಲಿಯಾದಂತೆ ಅದೂ ಇಳಿಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಮಾಡೆಲ್ ಟಿ ಕಾರನ್ನು ಕಡಿದಾದ ಏರಿಗೆ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದುದು ಇದೇ ಕಾರಣಕ್ಕೆ: ಮೂತಿ ಮೇಲಾದರೆ ಟ್ಯಾಂಕಿಗಿಂತ ಕಾರ್ಬ್ಯುರೇಟರ್ ಎತ್ತರಕ್ಕೆ ಹೋಗಿಬಿಡುತ್ತಿತ್ತು.

ಅರ್ಧ ಪಿಎಸ್‌ಐಗೆ 1.5 ಮಿ.ಮೀ. ರಂಧ್ರದಿಂದ ಗಂಟೆಗೆ 12 ಲೀಟರ್ ಬಂದರೆ ಹೆಚ್ಚು. ಅಂದರೆ ಅದೇ 40 ಅಶ್ವಶಕ್ತಿಯ ಎಂಜಿನ್ನಿಗೆ ಅಂಚಿನಲ್ಲಿ ನಿಂತಂತೆ. ಏರಿನಲ್ಲಿ ಉಸಿರುಗಟ್ಟಿ ಮಿಸ್ಸಿಂಗ್ ಹೊಡೆಯುತ್ತದೆ. ಹಾಗಾಗಿ ಇಂಥ ಗಾಡಿಗಳಿಗೆ ದೊಡ್ಡ ರಂಧ್ರದ ಸೀಟೇ ಸರಿ. ಪಂಪ್ ಇರುವ ಗಾಡಿಯ ಸಣ್ಣ ಸೀಟನ್ನು ‘ಥ್ರೆಡ್ ಕೂರುತ್ತದಲ್ಲ’ ಎಂದು ಹಾಕಬೇಡಿ. ಒತ್ತಡ ಇಷ್ಟು ಕಡಿಮೆ ಇರುವುದರಿಂದ ಫ್ಲೋಟ್ ದೊಡ್ಡ ರಂಧ್ರವನ್ನೂ ಸುಲಭವಾಗಿ ತಡೆಯುತ್ತದೆ. ವೈಟಾನ್ ತುದಿಯೋ ಚಪ್ಪಟೆ ಬಿಲ್ಲೆಯೋ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಲೈನಿನಲ್ಲಿ ಕಾಗದದ ಫಿಲ್ಟರ್ ಹಾಕುವ ಮುನ್ನ ಯೋಚಿಸಿ, ಅರ್ಧ ಪಿಎಸ್‌ಐಗೆ ಅದೂ ಒಂದು ಅಡ್ಡಗೋಡೆ. ತಂತಿ ಜಾಲರಿಯದು ಸಾಕು. ಯಾವ ನೀಡಲ್ ಹಾಕಿದ್ದರೂ ಗಾಡಿ ನಿಲ್ಲಿಸಿದಾಗ ಟ್ಯಾಂಕಿನ ಕಾಕ್ ಮುಚ್ಚುವ ಅಭ್ಯಾಸ ಬಿಡಬೇಡಿ. ಪಂಪ್ ಇದ್ದರೆ ಎಂಜಿನ್ ನಿಂತಾಗ ಒತ್ತಡವೂ ಇಳಿಯುತ್ತದೆ, ಇಲ್ಲಿ ರಾತ್ರಿಯಿಡೀ ಟ್ಯಾಂಕ್ ತಳ್ಳುತ್ತಲೇ ಇರುತ್ತದೆ.

ಪಂಪ್ ಎಷ್ಟು ಒತ್ತಡ ಕೊಡುತ್ತಿದೆ ಎಂದು ನೋಡಬೇಕಾ?

ನೋಡಲೇಬೇಕು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವ ಬಾಯಿಯ ಹತ್ತಿರ T ಆಕಾರದ ಕವಲು ಹಾಕಿ ಒತ್ತಡದ ಗೇಜ್ ಜೋಡಿಸಿ ಎಂಜಿನ್ ನಿಧಾನದಲ್ಲಿ ಓಡಿಸಿ. ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಆದರೆ 3 ಪಿಎಸ್‌ಐ ದಾಟಬಾರದು. ವೆಬರ್ ಡಿಸಿಒಇ ಮಾದರಿಗೆ 3ರಿಂದ 3.5. ಹಾಲಿ ನಾಲ್ಕು ಬ್ಯಾರೆಲ್ ಆದರೆ 5ರಿಂದ 7ರವರೆಗೂ ತಾಳುತ್ತದೆ. ಹಳೆಯ ಪಂಪಿಗೆ ಹೊಸ ಡಯಾಫ್ರಾಮ್, ಹೊಸ ಸ್ಪ್ರಿಂಗ್ ಹಾಕಿಸಿದ ಮರುದಿನವೇ ಕಾರ್ಬ್ಯುರೇಟರ್ ಸೋರಲು ಶುರುವಾದರೆ ಅನುಮಾನ ಆ ಸ್ಪ್ರಿಂಗಿನ ಮೇಲಿರಲಿ. ಎಂಜಿನ್ ಮೇಲೆ ಕೂರುವ ಮೆಕ್ಯಾನಿಕಲ್ ಪಂಪಿನ ಬುಡಕ್ಕೆ ಇನ್ನೊಂದು ಗ್ಯಾಸ್ಕೆಟ್ ಕೊಟ್ಟು ದಪ್ಪ ಮಾಡಿದರೆ ಲಿವರಿನ ಹೊಡೆತ ಕಡಿಮೆಯಾಗಿ ಒತ್ತಡ ಕೊಂಚ ಇಳಿಯುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿದ್ದರೆ ರೆಗ್ಯುಲೇಟರ್ ಹಾಕಿ.

ಎಥನಾಲ್ ಬೆರೆತ ಪೆಟ್ರೋಲಿಗೆ ಬೇರೆ ನೀಡಲ್ ಬೇಕಾ?

ಲೋಹದ್ದಾದರೆ ಬೇಡ. ಒಳ್ಳೆಯ ವೈಟಾನ್ ಆದರೂ ಸರಿ. ನೈಟ್ರೈಲ್ ಅಥವಾ ಹಳೆಯ ರಬ್ಬರ್ ತುದಿ ಇದ್ದರೆ ತೆಗೆಯಿರಿ.

ಎಥನಾಲ್ ಕಾಟ ಕೊಡುವುದು ನೀಡಲಿಗಿಂತ ಅದರ ಅಕ್ಕಪಕ್ಕದವಕ್ಕೆ. ಹಳೆಯ ಕಾರ್ಕ್ ಫ್ಲೋಟಿಗೆ ಅರಗಿನ ಲೇಪ ಬಳಿಯುತ್ತಿದ್ದರು. ಅರಗು ಕರಗುವುದೇ ಆಲ್ಕೊಹಾಲಿನಲ್ಲಿ. ಲೇಪ ಕರಗಿ ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ಕರಗಿದ ಅರಗು ನೀಡಲ್ ಸೀಟಿನ ಮೇಲೇ ಬಂದು ಕೂರುತ್ತದೆ. ಒಂದೇ ಏಟಿಗೆ ಎರಡು ರೋಗ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಗಾಡಿ ನಿಂತಲ್ಲೇ ನಿಂತರೆ ಸತುವಿನ ಮಿಶ್ರಲೋಹದ ಬೌಲಿನಲ್ಲಿ ಬಿಳಿ ಪುಡಿ ಹುಟ್ಟುತ್ತದೆ. ಬೌಲಿನ ತಳದಲ್ಲಿ ಆ ಪುಡಿ ಕಂಡರೆ ಪೆಟ್ರೋಲ್ ಒಳಬರುವ ದಾರಿಯನ್ನೂ ಪೂರ್ತಿ ತೊಳೆಯದೆ ಹೊಸ ಸೀಟ್ ಹಾಕಬೇಡಿ.

ನೀಡಲ್ ಮಾತ್ರ ಬದಲಿಸಿ ಸೀಟ್ ಹಳೆಯದೇ ಇರಲಿ ಎಂದರೆ?

ಬೇಡ. ಇಬ್ಬರೂ ಜೊತೆಗೆ ಸವೆದವರು, ಜೊತೆಗೇ ಹೋಗಲಿ.

ಹಳೆಯ ನೀಡಲನ್ನೇ ಉಜ್ಜಿ ಕೂರಿಸಬಹುದೇ? ಹಿಂದಿನವರು ಹಾಗೇ ಮಾಡುತ್ತಿದ್ದರಂತೆ.

ಮಾಡುತ್ತಿದ್ದರು, ಲೋಹದ್ದಾದರೆ ಈಗಲೂ ಮಾಡಬಹುದು. ಬಿಡಿಭಾಗವೇ ಸಿಗದ ಅಪರೂಪದ ಕಾರ್ಬ್ಯುರೇಟರಿಗೆ ಇದೊಂದೇ ದಾರಿ. ಲೋಹ ಪಾಲಿಷ್ ಮಾಡುವ ನಯವಾದ ಪೇಸ್ಟ್ ಕಾಳಿನಷ್ಟು ಹಚ್ಚಿ, ನೀಡಲನ್ನು ಬೆರಳ ತುದಿಯಲ್ಲಿ ಹಿಡಿದು ಎರಡು ಕಡೆಗೂ ಹಗುರವಾಗಿ ತಿರುಗಿಸಿ. ಹೊಳೆಯುವ ಸಣ್ಣ ಉಂಗುರ ಸುತ್ತಲೂ ಮೂಡಿದ ಕೂಡಲೇ ನಿಲ್ಲಿಸಿ. ಎಂಜಿನ್ ವಾಲ್ವ್ ಉಜ್ಜುವ ಒರಟು ಪೇಸ್ಟ್ ಹಚ್ಚಿದರೆ ಅದರ ಕಣಗಳು ಹಿತ್ತಾಳೆಯೊಳಗೆ ಹೂತು ಕೂರುತ್ತವೆ, ಮತ್ತೆಂದೂ ಬಿಡುವುದಿಲ್ಲ. ಉಂಗುರ ಅಗಲವಾದಷ್ಟೂ ಕೂರುವುದು ಚೆನ್ನಾಗುತ್ತದೆ ಎಂಬುದು ಭ್ರಮೆ. ಗೆರೆ ಕಿರಿದಾಗಿದ್ದರೆ ಫ್ಲೋಟಿನ ಅಷ್ಟಿಷ್ಟು ಬಲವೆಲ್ಲ ಅಲ್ಲೇ ಬೀಳುತ್ತದೆ.

ಹೊಸ ಉಕ್ಕಿನ ನೀಡಲನ್ನು ಹಿತ್ತಾಳೆ ಸೀಟಿನಲ್ಲಿಟ್ಟು ಪುಟ್ಟ ಸುತ್ತಿಗೆಯಿಂದ ಒಂದೇ ಒಂದು ಸಲ ಮೆಲ್ಲಗೆ ತಟ್ಟುವ ಹಳೆಯ ರೂಢಿಯೂ ಇದೆ. ತಟ್ಟುವುದು ಅಂದರೆ ಮೊಟ್ಟೆ ಒಡೆಯದಷ್ಟು ಮೆಲ್ಲಗೆ. ವೈಟಾನ್ ತುದಿಗೆ ಉಜ್ಜುವುದೂ ಇಲ್ಲ, ತಟ್ಟುವುದೂ ಇಲ್ಲ.

ಸೀಟಿನ ಕೆಳಗಿನ ವಾಷರ್ ಅಷ್ಟೊಂದು ಮುಖ್ಯವೇ?

ನೀಡಲಿನಷ್ಟೇ ಮುಖ್ಯ. ವಾಷರ್ ದಪ್ಪವಾದರೆ ಸೀಟ್ ಕೆಳಗಿಳಿಯುತ್ತದೆ, ನೀಡಲ್ ಬೇಗ ಮುಚ್ಚುತ್ತದೆ, ಬೌಲಿನ ಮಟ್ಟ ಇಳಿಯುತ್ತದೆ. ತೆಳುವಾದರೆ ಮಟ್ಟ ಏರುತ್ತದೆ. ಮೇಲಿನ ಉದಾಹರಣೆಯ ತೋಳಿನಲ್ಲಿ ಅರ್ಧ ಮಿ.ಮೀ. ವ್ಯತ್ಯಾಸ ಫ್ಲೋಟಿನ ಬಳಿ 2 ಮಿ.ಮೀ. ಆಗುತ್ತದೆ. ಹಳೆಯದರ ದಪ್ಪವನ್ನು ಅಳೆದು ಬರೆದುಕೊಂಡ ಮೇಲೇ ಎಸೆಯಿರಿ. ವಾಷರ್ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ನೀಡಲನ್ನು ಬಳಸಿಕೊಂಡು ಥ್ರೆಡ್ ಮೂಲಕವೇ ಬೌಲಿಗೆ ಇಳಿಯುತ್ತದೆ. ನೀಡಲ್ ಎಷ್ಟೇ ಚೆನ್ನಾಗಿ ಮುಚ್ಚಿದರೂ ಪ್ರಯೋಜನವಿಲ್ಲ, ನೀವು ಬೈಯುವುದು ಮಾತ್ರ ನೀಡಲನ್ನೇ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಬಿಚ್ಚಿಕೊಂಡು ಜೆಟ್‌ಗಳಿಗೆ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರಗಳಿಗೆ) ಹೋಗುತ್ತದೆ.

ಬೇರೆ ಕಾರ್ಬ್ಯುರೇಟರಿನ ಸೀಟ್ ಥ್ರೆಡ್ ಹಿಡಿಯಿತು. ಹಾಕಿಬಿಡಲಾ?

ಹಿಡಿಯುವುದು ಬೇರೆ, ಕೂರುವುದು ಬೇರೆ. 3/8 ಇಂಚಿಗೆ 24 ಸುತ್ತಿನ ಥ್ರೆಡ್ಡಿನ ವ್ಯಾಸ 9.5 ಮಿ.ಮೀ., ಒಂದು ಸುತ್ತಿಗೆ 1.06 ಮಿ.ಮೀ. 10 ಮಿ.ಮೀ. ಮೆಟ್ರಿಕ್ ಥ್ರೆಡ್ಡಿಗೆ ಸುತ್ತು 1 ಮಿ.ಮೀ. ಇಂಚಿನ ಸೀಟ್ ಮೆಟ್ರಿಕ್ ತೂತಿಗೆ ಹೊಕ್ಕಂತೆ ಕಾಣುತ್ತದೆ, ಸಡಿಲವಾಗಿ ಅಲ್ಲಾಡುತ್ತದೆ, ಬಿಗಿ ಮಾಡಲು ಹೋದರೆ ಮುಚ್ಚಳದ ಮೆತ್ತನೆಯ ಥ್ರೆಡ್ ಕಿತ್ತು ಬರುತ್ತದೆ. ಸೀಟ್ ಬದಲಿಸಬಹುದು, ಮುಚ್ಚಳ ಎಲ್ಲಿಂದ ತರುತ್ತೀರಿ? ಬರಿಗೈಯಲ್ಲಿ ಕೊನೆಯವರೆಗೂ ತಿರುಗಬೇಕು, ಆಮೇಲೆ ಮಾತ್ರ ಸ್ಪ್ಯಾನರ್.

ನೀಡಲಿನ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ಹೋಲಿಸಿ.

ನೀಡಲಿನ ಬಾಲದಲ್ಲಿ ತಂತಿಯ ಕ್ಲಿಪ್ ಇದೆ. ಎಲ್ಲಿ ಸಿಕ್ಕಿಸಬೇಕು?

ಫ್ಲೋಟ್ ಇಳಿದಾಗ ನೀಡಲನ್ನು ಎಳೆದು ತರುವುದಕ್ಕೆ ಆ ಕ್ಲಿಪ್ ಇದೆ. ರಾಚೆಸ್ಟರ್ ಕ್ವಾಡ್ರಾಜೆಟ್ ಎಂಬ ಕಾರ್ಬ್ಯುರೇಟರಿನ ಫ್ಲೋಟ್ ತೋಳಿನಲ್ಲಿ ತೂತುಗಳಿವೆ, ನೋಡಿದರೆ ಕ್ಲಿಪ್ಪಿಗೇ ಮಾಡಿದಂತಿವೆ. ಆದರೆ ತೂತಿಗೆ ಸಿಕ್ಕಿಸಬಾರದು, ತೋಳಿನ ಅಂಚಿನ ಮೇಲೆ ನೇತುಹಾಕಬೇಕು. ತೂತಿಗೆ ಹಾಕಿದರೆ ನೀಡಲ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಕ್ಲಿಪ್ ಇಲ್ಲದ ಕಾರ್ಬ್ಯುರೇಟರಿಗೆ ಕ್ಲಿಪ್ ಸೇರಿಸುವ ಜಾಣತನ ಬೇಡ.

ಹೊಸ ಸೆಟ್ ಹಾಕಿದ ಮೇಲೆ ಫ್ಲೋಟ್ ಲೆವೆಲ್ ಮತ್ತೆ ನೋಡಬೇಕಾ?

ಪ್ರತಿ ಸಲವೂ. ಎರಡು ಸಲ ನೋಡಬೇಕು: ಮೊದಲು ಒಣಗಿದ್ದಾಗ ಪುಸ್ತಕದ ಅಳತೆಗೆ, ಆಮೇಲೆ ಪೆಟ್ರೋಲ್ ತುಂಬಿ. ಎಸ್‌ಯು ಎಚ್‌ಎಸ್ ಮಾದರಿಯಲ್ಲಿ ಮುಚ್ಚಳ ತಲೆಕೆಳಗಾಗಿಸಿ, ಫ್ಲೋಟ್ ತೋಳಿಗೂ ಮುಚ್ಚಳದ ಅಂಚಿಗೂ ನಡುವೆ 1/8ರಿಂದ 3/16 ಇಂಚಿನ ಸರಳು ತೂರಿಸಿ ನೋಡುವುದು ಒಣ ಲೆಕ್ಕ. ಸ್ಪ್ರಿಂಗ್ ನೀಡಲ್ ಆದರೆ ಫ್ಲೋಟಿನ ಸ್ವಂತ ಭಾರ ಸ್ಪ್ರಿಂಗನ್ನು ಒತ್ತಿಬಿಡದಂತೆ ಎಚ್ಚರವಿರಲಿ, ಪಿನ್ನು ತಾಗಿದ ಕ್ಷಣದ ಅಳತೆ ಬೇಕು.

ಆದರೆ ನಿಜ ಹೇಳುವುದು ಒದ್ದೆ ಲೆಕ್ಕವೇ. ಲೋಹದಿಂದ ವೈಟಾನ್‌ಗೆ ಬದಲಾಯಿಸಿದ್ದರೆ ತುದಿ ಸ್ವಲ್ಪ ಅಮುಕಿದ ಮೇಲೆ ಮುಚ್ಚುತ್ತದೆ, ಒಣ ಅಳತೆ ಸರಿಯಿದ್ದರೂ ಮಟ್ಟ ಬೇರೆಯಾಗಬಹುದು. ತೋಳಿನ ನಾಲಿಗೆ ಬಗ್ಗಿಸುವಾಗ ನೀಡಲ್ ತೆಗೆದಿಟ್ಟು ಬಗ್ಗಿಸಿ. ನೀಡಲ್ ಮೇಲೆಯೇ ಒತ್ತಿ ಬಗ್ಗಿಸಿದರೆ ಹೊಸ ತುದಿಯಲ್ಲಿ ಮೊದಲ ದಿನವೇ ಗುಂಡಿ.

ಗಾಡಿಗೆ ಹಾಕುವ ಮೊದಲೇ ಪರೀಕ್ಷೆ ಮಾಡುವ ಉಪಾಯ?

ಮುಚ್ಚಳಕ್ಕೆ ಸೀಟ್, ನೀಡಲ್, ಫ್ಲೋಟ್ ಜೋಡಿಸಿ ತಲೆಕೆಳಗೆ ಮಾಡಿ. ಫ್ಲೋಟಿನ ಭಾರಕ್ಕೆ ನೀಡಲ್ ಮುಚ್ಚಿರುತ್ತದೆ. ಪೆಟ್ರೋಲ್ ಬರುವ ಬಾಯಿಗೆ ಕೈ ವ್ಯಾಕ್ಯೂಮ್ ಪಂಪ್ ಜೋಡಿಸಿ ಎಳೆಯಿರಿ, ಮುಳ್ಳು ಏರಿ ಅಲ್ಲೇ ನಿಂತರೆ ಸರಿ. ಆದರೆ ಎಳೆತ ನೀಡಲನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ, ಆದ್ದರಿಂದ ಇದರಲ್ಲಿ ಪಾಸಾದದ್ದೂ ಗಾಡಿಯಲ್ಲಿ ಫೇಲಾಗಬಹುದು.

ನನಗೆ ಹೆಚ್ಚು ನಂಬಿಕೆ ಡಬ್ಬಿಯ ಪರೀಕ್ಷೆಯ ಮೇಲೆ. ತಳದಲ್ಲಿ ಪೈಪ್ ಇರುವ ಡಬ್ಬಿಯನ್ನು ಮೇಜಿನ ಮೇಲೆ ಅರ್ಧ ಮೀಟರ್ ಎತ್ತರಕ್ಕೆ ತೂಗುಹಾಕಿ, ಜೋಡಿಸಿದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬಿಟ್ಟು, ಕೆಳಗೆ ಬಿಳಿ ಕಾಗದ ಹಾಸಿ ಒಂದು ಗಂಟೆ ಬಿಡಿ. ಕಾಗದ ಒಣಗಿರಬೇಕು, ಬಾಯಿಯೊಳಗೆ ಇಣುಕಿದರೆ ನಳಿಕೆಯ ತುದಿಯೂ ಒಣಗಿರಬೇಕು. ಬಯಲಲ್ಲಿ ಮಾಡಿ, ಪಕ್ಕದಲ್ಲಿ ಅಗ್ನಿಶಾಮಕ ಇರಲಿ, ಹತ್ತಿರ ಕಿಡಿ ಹಾರಿಸುವ ಯಾವುದೂ ಇರಬಾರದು. ಪಂಪ್ ಇರುವ ಗಾಡಿಯಾದರೆ ಇದು ಅರ್ಧ ಪರೀಕ್ಷೆ ಮಾತ್ರ. ಉಳಿದರ್ಧ ಗೇಜ್ ಹಾಕಿಕೊಂಡು ಗಾಡಿಯ ಮೇಲೆ.

ಎಲ್ಲ ಹೊಸದು ಹಾಕಿದೆ, ಮೊದಲ ದಿನವೇ ಸೋರುತ್ತಿದೆ!

ಹತ್ತರಲ್ಲಿ ಎಂಟು ಸಲ ಕಸ. ಕಾರ್ಬ್ಯುರೇಟರ್ ಫಳಫಳ ಹೊಳೆಯುವಂತೆ ತೊಳೆದು, ಹತ್ತು ವರ್ಷದ ತುಕ್ಕಿರುವ ಟ್ಯಾಂಕಿನ ಪೈಪನ್ನು ಹಾಗೇ ಸಿಕ್ಕಿಸಿರುತ್ತೇವೆ. ಹಳೆಯ ರಬ್ಬರ್ ಪೈಪನ್ನು ಹಿತ್ತಾಳೆ ಬಾಯಿಗೆ ತುರುಕುವಾಗ ಒಳಗಿನ ಪದರ ಚಿಪ್ಪಿನಂತೆ ಎದ್ದು ನೇರ ಸೀಟಿಗೆ ಬಂದು ಕೂರುತ್ತದೆ. ಪೈಪ್ ಕಾರ್ಬ್ಯುರೇಟರಿಗೆ ಸಿಕ್ಕಿಸುವ ಮೊದಲು ಸುಮಾರು ಅರ್ಧ ಲೀಟರ್ ಪೆಟ್ರೋಲನ್ನು ಡಬ್ಬಿಗೆ ಹರಿಸಿ, ಡಬ್ಬಿಯ ತಳ ನೋಡಿ. ಏನು ಬರುತ್ತದೆಂದು ನೋಡಿದ ಮೇಲೆ ಫಿಲ್ಟರ್ ಬೇಕೋ ಬೇಡವೋ ಎಂಬ ಚರ್ಚೆ ಇರುವುದಿಲ್ಲ.

ಸೋರುತ್ತಿರುವಾಗ ಬೌಲಿನ ಬದಿಗೆ ಸ್ಪ್ಯಾನರ್ ಹಿಡಿಯಿಂದ ಹಗುರವಾಗಿ ತಟ್ಟಿದರೆ ನಿಂತಿತೇ? ಹಾಗಿದ್ದರೆ ಕಸವೋ ಕಚ್ಚಿಕೊಂಡ ನೀಡಲೋ ಇರಬೇಕು. ತಟ್ಟಿದರೂ ನಿಲ್ಲದೆ ಒಂದೇ ಸಮ ಸೋರುತ್ತಿದ್ದರೆ ಒತ್ತಡ, ಫ್ಲೋಟ್ ಅಥವಾ ವಾಷರ್.

ಓಡುವಾಗ ಸರಿ, ಬಿಸಿ ಎಂಜಿನ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ಪೆಟ್ರೋಲ್ ವಾಸನೆ. ನೀಡಲ್ ಬದಲಿಸಲಾ?

ಆತುರಪಡಬೇಡಿ. ಎಂಜಿನ್ ನಿಂತ ಮೇಲೆ ಅದರ ಬಿಸಿಯೆಲ್ಲ ಕಾರ್ಬ್ಯುರೇಟರಿಗೆ ಏರುತ್ತದೆ. ಬೌಲಿನಲ್ಲಿರುವ ಪೆಟ್ರೋಲ್ ಕುದಿದು ನಳಿಕೆಯಿಂದ ಉಕ್ಕುತ್ತದೆ, ಪಂಪಿನಿಂದ ಬರುವ ಪೈಪಿನಲ್ಲಿ ಸಿಕ್ಕಿಕೊಂಡದ್ದು ಹಿಗ್ಗಿ ನೀಡಲನ್ನು ತಳ್ಳುತ್ತದೆ. ಇದಕ್ಕೆ ಮದ್ದು ಕಾರ್ಬ್ಯುರೇಟರಿನ ಕೆಳಗಿನ ಬಿಸಿ ತಡೆಯುವ ದಪ್ಪ ಗ್ಯಾಸ್ಕೆಟ್ಟು, ಎಕ್ಸಾಸ್ಟಿನಿಂದ ದೂರ ಸರಿಸಿದ ಪೈಪು, ಟ್ಯಾಂಕಿಗೆ ಮರಳುವ ಲೈನು. ನೀಡಲ್ ಅಲ್ಲ.

ಆರು ತಿಂಗಳು ನಿಂತಿದ್ದ ಗಾಡಿ, ಬೌಲಿಗೆ ಪೆಟ್ರೋಲೇ ಬರುತ್ತಿಲ್ಲ.

ನೀಡಲ್ ಸೀಟಿಗೆ ಕಚ್ಚಿರಬೇಕು. ಬೌಲಿನ ಬದಿಗೆ ಎರಡು ಸಲ ತಟ್ಟಿ. ಬಂದರೆ ಬಂತು, ಬಾರದಿದ್ದರೆ ಮುಚ್ಚಳ ಬಿಚ್ಚಿ ಕೈಯಿಂದ ಬಿಡಿಸಿ, ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ಸೀಟನ್ನು ತೊಳೆಯಿರಿ. ವೈಟಾನ್ ತುದಿಯನ್ನು ಆ ಕ್ಲೀನರ್‌ನಲ್ಲಿ ನೆನೆಹಾಕಬೇಡಿ, ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ತಿಂಗಳಿಗೊಮ್ಮೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿದರೆ ಈ ಕೆಲಸವೇ ಬರುವುದಿಲ್ಲ.

ತೆಗೆದ ಹಳೆಯ ಸೆಟ್ ಎಸೆಯಬಹುದಾ?

ನಾನು ಎಸೆಯುವುದಿಲ್ಲ. ಪುಟ್ಟ ಪೊಟ್ಟಣದಲ್ಲಿ ಹಾಕಿ, ಕಾರ್ಬ್ಯುರೇಟರಿನ ನಂಬರ್, ರಂಧ್ರದ ಅಳತೆ, ವಾಷರಿನ ದಪ್ಪ, ನೀಡಲಿನ ಉದ್ದ ಬರೆದು ಡಬ್ಬಿಯಲ್ಲಿಡುತ್ತೇನೆ. ಮುಂದಿನ ಸಲ ಪೊಟ್ಟಣದಲ್ಲಿ ಬಂದ ಹೊಸ ಸೆಟ್ ಸರಿಯಾದದ್ದೇ ಎಂದು ಅನುಮಾನ ಬಂದಾಗ ಪಕ್ಕದಲ್ಲಿಟ್ಟು ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಕಿಟ್ ಜೊತೆ ಬರುವ ಚೀಟಿಯಲ್ಲಿ ಹತ್ತು ಮಾದರಿಗಳ ಹೆಸರಿರುತ್ತದೆ, ಒಳಗಿರುವ ನೀಡಲ್ ಮಾತ್ರ ಒಂದೇ.